ಹಸಿ ತುತ್ತು

ಮೆಸ್ಕೆಲ್ ಹಬ್ಬದ ಬೆಳಿಗ್ಗೆ ಜೆನೆಬೆಚ್ ಗೋಮಾಂಸವನ್ನು ನುಣ್ಣಗೆ ಕೊಚ್ಚಿ, ಮಸಾಲೆಯ ಬೆಚ್ಚನೆ ಬೆಣ್ಣೆಯಲ್ಲಿ ಕಲಸಿದಳು. ಕಿತ್ಫೋ ಎಂಬ ಈ ಹಬ್ಬದಡುಗೆಯನ್ನು ಹಸಿಯಾಗಿಯೇ ಬಡಿಸಬೇಕು. ಬೇಯಿಸಿ ಬಡಿಸಿದ ಮನೆ ಗುರಾಗೆ ಸೀಮೆಯಲ್ಲಿ ನಗೆಪಾಟಲು. ಹಿರಿಯರು ಬಾಯಿಗಿಡುವ ಕೈತುತ್ತನ್ನು ನಿರಾಕರಿಸುವುದು ಅದಕ್ಕಿಂತ ದೊಡ್ಡ ಅವಮಾನ.

ಹಿರಿಸೊಸೆ ತಿರುವರ್ಕ್ ಚೊಚ್ಚಲ ಬಸುರಿ. ಪೇಟೆಯ ಮೇಷ್ಟರ ಮಗಳಾದ ಅವಳ ತವರಿನಲ್ಲಿ ಹಸಿ ಮಾಂಸ ಹೊಸಿಲು ದಾಟಿದ್ದಿಲ್ಲ.

“ಬೇಡ ಅತ್ತೆ. ಬಸುರೀರು ಹಸೀದು ತಿನ್ಬಾರ್ದು ಅಂತ ನರ್ಸಮ್ಮ ಹೇಳಿದಾರೆ.”

“ನರ್ಸಮ್ಮ ಎಷ್ಟು ಹೆತ್ತಿದಾಳಂತೆ? ನಾನು ಇದನ್ನೇ ತಿಂದು ಏಳು ಹೆತ್ತಿದೀನಿ. ಬಾಯಿ ತೆಗಿಯೇ!”

“ಮೇಷ್ಟರ ಮಗಳಿಗೆ ಚಮಚ ಕೊಡ್ರೇ, ನಮ್ಮ ಕೈ ಕೊಳಕು!” ಎಂದು ಜೆನೆಬೆಚ್‌ಳ ನಾದಿನಿ ಅಸ್ಕಾಲೆ ಚುಚ್ಚಿದಳು. ನೆಂಟರು ನಕ್ಕರು. ತಿರುವರ್ಕ್ ಕಣ್ಣು ಮುಚ್ಚಿ ನುಂಗಿದಳು.

ಕೆಲವು ವಾರಗಳಲ್ಲಿ ಸಣ್ಣ ಜ್ವರ ಬಂತು, ಕುತ್ತಿಗೆಯಲ್ಲಿ ಗಂಟೆದ್ದಿತು. ಎರಡೂ ತಾವಾಗಿಯೇ ಇಳಿದವು, ಮನೆಯವರು ಮರೆತರು.

ಮಗು ಹುಟ್ಟಿತು. ಅದರ ಕಣ್ಣು ದೀಪದತ್ತ ಹೊರಳಲೇ ಇಲ್ಲ.

“ತವರಿನವರ ದೃಷ್ಟಿ,” ಎಂದು ಜೆನೆಬೆಚ್ ಊರೆಲ್ಲ ಸಾರಿದಳು. ಆಸ್ಪತ್ರೆಯ ವೈದ್ಯೆ ಮಾತ್ರ ರಕ್ತ ಪರೀಕ್ಷಿಸಿ ಕೇಳಿದರು: “ಬಸುರಿಯಾಗಿದ್ದಾಗ ಹಸಿ ಮಾಂಸ ತಿಂದ್ರಾ?”

“ತಿಂದೆ,” ಎಂದಳು ತಿರುವರ್ಕ್. ತಿನ್ನಿಸಿದವರಾರೆಂದು ಹೇಳಲಿಲ್ಲ. ಅದು ಪಕ್ಕದಲ್ಲೇ ನಿಂತಿದ್ದ ಜೆನೆಬೆಚ್‌ಳ ಕೆನ್ನೆಗೆ ಬಾರಿಸಿದಂತಿತ್ತು.

“ನಾನೂ ತಿಂದಿದ್ನಲ್ಲ, ಡಾಕ್ಟ್ರಮ್ಮ? ನನಗ್ಯಾಕೆ ಏನೂ ಆಗ್ಲಿಲ್ಲ?”

“ನೀವು ಚಿಕ್ಕಂದಿನಿಂದ ತಿಂದವರು. ಟಾಕ್ಸೊಪ್ಲಾಸ್ಮಾ ಅನ್ನೋ ಸೂಕ್ಷ್ಮಜೀವಿ ಮದುವೆಗೆ ಮುಂಚೇನೇ ನಿಮ್ಮ ಮೈ ಹೊಕ್ಕಿರಬೇಕು. ಅದನ್ನ ತಡೆಯೋದು ಮೈಗೆ ಗೊತ್ತಾಗಿತ್ತು, ಮಕ್ಕಳು ಉಳಿದ್ವು. ಇವರಿಗೆ ಅದು ಹೊಸದು. ಬಸುರಿಗೆ ಮೊದಲ ಸಲ ತಗುಲಿದ್ರೆ ಹೊಟ್ಟೇಲಿರೋ ಮಗೂಗೂ ದಾಟಬಹುದು.”

ಏಳು ಹೆತ್ತ ಹೆಮ್ಮೆ ಅಲ್ಲಿಯೇ ಕುಸಿಯಿತು. ಆದರೂ ಊರಿಗೆ ಮರಳಿದ ಮೇಲೆ ತಾನು ಹಬ್ಬಿಸಿದ ಸುಳ್ಳನ್ನು ಅಳಿಸಲು ಅವಳಿಗೆ ನಾಲಿಗೆ ಏಳಲಿಲ್ಲ. ಬಾವಿಯ ಬಳಿ ಹೆಂಗಸರು ತಿರುವರ್ಕಳಿಂದ ದೂರ ಸರಿಯುವುದನ್ನು ಕಂಡೂ ತಲೆ ತಗ್ಗಿಸಿ ನೀರು ತಂದಳು.

ಮತ್ತೆ ಮೆಸ್ಕೆಲ್ ಬಂತು. ಈಗ ಕಿರಿಸೊಸೆ ಮಿಹ್ರೆತ್ ಬಸುರಿ. ಅವಳೂ ಪೇಟೆಯ ಹುಡುಗಿ. ಅಸ್ಕಾಲೆ ಹಸಿ ತುತ್ತು ಕಟ್ಟಿ ಎತ್ತಿದಳು.

“ಬಾಯಿ ತೆಗಿ, ಚಿನ್ನಾ!”

ಮಿಹ್ರೆತ್ ಓರಗಿತ್ತಿಯ ಮುಖ ನೋಡಿದಳು. ಬಳಿಕ ಬಾಯಿ ತೆರೆದಳು. ತುತ್ತು ತುಟಿಗೆ ತಾಕುವಷ್ಟರಲ್ಲಿ ಜೆನೆಬೆಚ್ ಆ ಮಣಿಕಟ್ಟನ್ನು ಹಿಡಿದಳು.

“ಅತ್ತಿಗೆ, ಹುಚ್ಚು ಹಿಡೀತಾ?”

“ಮೊಮ್ಮಗನಿಗೆ ಯಾರ ದೃಷ್ಟೀನೂ ತಾಗಿಲ್ಲ ಕಣೇ. ತಾಗಿದ್ದು ನನ್ನ ಕೈ. ಇಷ್ಟು ದಿನ ಸೊಸೆಯ ತವರಿಗೆ ಕೆಸರೆರಚಿ ನಾನು ಬಚ್ಚಿಟ್ಕೊಂಡೆ.”

ಅವಳು ಕಿತ್ಫೋವನ್ನೆಲ್ಲ ಬಾಣಲೆಗೆ ಸುರಿದು ಒಲೆಯ ಮೇಲಿಟ್ಟಳು. “ಬೇಯಿಸೋ ಮನೆ!” ಎಂದು ಯಾರೋ ಕಿಸಕ್ಕನೆ ನಕ್ಕರು. ಅವಳು ತಿರುಗಿ ನೋಡದೆ, ಕೆಂಪು ಅಡಗಿ ಮಾಂಸ ಪೂರ್ತಿ ಕಂದಾಗುವವರೆಗೆ ಮಗುಚಿದಳು.

ಮಿಹ್ರೆತ್‌ಳ ಮುಂದೆ ತಟ್ಟೆಯಿಟ್ಟು, “ನೀನೇ ಕೈಯಾರೆ ತಿನ್ನಮ್ಮ,” ಎಂದಳು. ಬಳಿಕ ತಿರುವರ್ಕಳಿಗಾಗಿ ಒಂದು ತುತ್ತು ಕಟ್ಟಿದಳು. ಆದರೆ ಆ ಕೈ ಮೇಲೇಳಲಿಲ್ಲ. ತಾಯಿಯ ಮಡಿಲಿನಲ್ಲಿದ್ದ ಮಗು ಬಾಣಲೆಯ ಚುರುಚುರು ಸದ್ದಿನತ್ತ ಮುಖ ತಿರುಗಿಸಿ, ಕಾಣದ ಅಜ್ಜಿಗಾಗಿ ಎರಡೂ ಕೈ ಚಾಚಿತು.