ಬೋರ್ಡಿನ ಮೇಲೆ ಕಿರೀಟ

ಬೆಳಿಗ್ಗೆ ಒಲೆಯ ಬೂದಿ ಚೆಲ್ಲಲೆಂದು ಹೊರಗೆ ಬಂದವಳು ಸುಮ್ಮನೆ ಮೇಲೆ ನೋಡಿದೆ. ನಮ್ಮ ಖಾನಾವಳಿಯ ಬೋರ್ಡಿನಲ್ಲಿ ಬರೆದಿದ್ದ ದೇಶದ ಅಧ್ಯಕ್ಷರ ಚಿತ್ರದ ತಲೆಯ ಮೇಲೆ ಕಿರೀಟ ಕೂತಿತ್ತು. ಕೈಯಲ್ಲಿದ್ದ ಬೂದಿಬುಟ್ಟಿ ನನ್ನ ಕಾಲ ಮೇಲೇ ಬಿತ್ತು.

ಮೂರು ದಿನ ಸುರಿದ ಮಳೆ ಆಗಷ್ಟೇ ನಿಂತಿತ್ತು. ಆ ಮಧ್ಯಾಹ್ನ ಅದೇ ಅಧ್ಯಕ್ಷರ ಗಾಡಿ, ರಾಜಧಾನಿಯಿಂದ ಅವರ ಹೊಲಮನೆಗೆ ಹೋಗುವ ದಾರಿಯಲ್ಲಿ, ನಮ್ಮ ಬಾಗಿಲ ಮುಂದೆ ಹಾದುಹೋಗುವುದಿತ್ತು.

ನಮ್ಮದು ಬಾಸ್ಟನ್ನಿಗೆ ಹೋಗುವ ಅಂಚೆರಸ್ತೆಯಲ್ಲಿರುವ ಮನೆ. ಕೆಳಗೆ ಊಟ, ಸೇಬಿನ ಹೆಂಡ, ಮಾಳಿಗೆಯಲ್ಲಿ ಹಾಸಿಗೆ. ನಮ್ಮಪ್ಪನ ಕಾಲದಲ್ಲಿ ಬೋರ್ಡಿನಲ್ಲಿ ಇಂಗ್ಲೆಂಡಿನ ರಾಜನಿದ್ದ. ಪಟ್ಟಣದ ಚಿತ್ರಗಾರ ಅಗಸೆಎಣ್ಣೆಯ ಬಣ್ಣದಲ್ಲಿ ಬರೆದು ಮೇಲೆ ವಾರ್ನಿಷ್ ಬಳಿದಿದ್ದ. ರಾಜನ ಮೇಲೆ ನಾವು ಮಾಡಿದ ಯುದ್ಧ ಮುಗಿದು ಅವನು ತೊಲಗಿದ ಮೇಲೆ ಅದೇ ಚಿತ್ರಗಾರ ಬಂದು ರಾಜನ ಕೆಂಪು ಕೋಟಿಗೆ ನೀಲಿ ಬಳಿದು, ಮುಖ ತಿದ್ದಿ, ಕಿರೀಟದ ಮೇಲೆ ಅಗಲವಾದ ಟೋಪಿ ಬರೆದು, ನಮ್ಮ ಸೈನ್ಯ ನಡೆಸಿ ಗೆದ್ದ ಜನರಲ್ ಸಾಹೇಬರನ್ನು ಮಾಡಿಕೊಟ್ಟ. ಈ ರಸ್ತೆಯುದ್ದಕ್ಕೂ ಎಲ್ಲರೂ ಮಾಡಿದ್ದು ಅದನ್ನೇ. ಹೊಸ ಹಲಗೆ ಯಾರು ಕೊಯ್ಸುತ್ತಾರೆ, ಇರುವ ರಾಜನಿಗೇ ಬಟ್ಟೆ ಬದಲಿಸಿದರಾಯಿತು.

ಜನರಲ್ಲರು ಮೊದಲ ಅಧ್ಯಕ್ಷರಾಗಿ, ಸಾಕೆಂದು ಊರಿಗೆ ಹೋದರು. ಆಗಿದ್ದವರು ಎರಡನೆಯವರು, ಬೋಳುತಲೆಯವರು, ನಮ್ಮ ಸೀಮೆಯವರೇ. ಅವರ ಕಾಲದಲ್ಲಿ ಒಂದು ಕಾನೂನು ಬಂತು: ಅಧ್ಯಕ್ಷರನ್ನೋ ಅವರ ಸರ್ಕಾರವನ್ನೋ ಹಳಿದು ಬರೆದರೆ, ಅಚ್ಚು ಹಾಕಿದರೆ ಜೈಲು. ಅದು ಪತ್ರಿಕೆಯವರ ತಲೆನೋವು ಎಂದುಕೊಂಡು ನಾವು ನಿದ್ದೆ ಮಾಡಿದೆವು. ಆಮೇಲೆ ಬೂಟು ಹೊಲಿಯುವ ಲೆಮ್ಯುಯೆಲ್‌ನನ್ನು ಕಟ್ಟಿಕೊಂಡು ಹೋದರು. ಅವನಿಗೆ ಅಕ್ಷರವೇ ಬಾರದು. ಊರಾಚೆ ನೆಟ್ಟ ಕಂಬಕ್ಕೆ, ಯಾರೋ ಸರ್ಕಾರವನ್ನು ಬೈದು ಬರೆದ ಹಲಗೆಯನ್ನು ಏಣಿ ಹತ್ತಿ ಹೊಡೆದದ್ದೇ ಅವನ ಅಪರಾಧ.

ಲೆಮ್ಯುಯೆಲ್‌ನಿಗಿಂತ ನನ್ನ ಗಂಡ ಆಸಹೆಲ್‌ನ ಬಾಯಿ ದೊಡ್ಡದು. ಹೆಂಡ ಬಿಸಿಮಾಡಲು ಕಾದ ಸಲಾಕೆಯನ್ನು ಮಗ್ಗಿಗೆ ಅದ್ದುತ್ತ, ಆ ಸುಯ್ ಸದ್ದು ಅಡಗುವ ಮುಂಚೆಯೇ ಶುರುಮಾಡುತ್ತಿದ್ದ: "ನಮ್ಮ ಅಧ್ಯಕ್ಷ್ರಿಗೆ ಎಲ್ಲಾ ಇದೆ ಕಣ್ರಪ್ಪಾ, ಒಂದು ಕಿರೀಟ ಮಾತ್ರ ಕಮ್ಮಿ. ಯಾರಾದ್ರೂ ಚಂದಾ ಎತ್ತಿ ಮಾಡಿಸ್ಕೊಡ್ರೋ!" ಊಟಕ್ಕೆ ಕೂತವರೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದರು. ಬೋರ್ಡಿನಲ್ಲಿ ಜನರಲ್ಲರ ಮೇಲೆ ಈ ಅಧ್ಯಕ್ಷರನ್ನು ಬರೆಯಿಸಿದವಳು ನಾನೇ. "ಬಾಯಿ ನಿಂದು, ಬೋರ್ಡಾದ್ರೂ ಅವರದಿರ್ಲಿ," ಎಂದು ಹಟ ಹಿಡಿದಿದ್ದೆ. ಚಿತ್ರಗಾರ ಸತ್ತುಹೋಗಿದ್ದ. ಆಸಹೆಲ್ ತಾನೇ ಬೂದಿನೀರು ಹಾಕಿ ಉಜ್ಜಿ ಜನರಲ್ಲರ ಟೋಪಿ ತೆಗೆದ, ಮುಖವನ್ನು ಬೋಳುತಲೆ ಮಾಡಿದ. ಟೋಪಿ ಇದ್ದ ಜಾಗಕ್ಕೆ ನೀಲಿ ಆಕಾಶ ಬಳಿದ. ಅಗಸೆಎಣ್ಣೆ ದುಬಾರಿಯೆಂದು, ಕೊಟ್ಟಿಗೆಗೆ ಬಳಿಯುವ ಮಜ್ಜಿಗೆ-ಸುಣ್ಣದ ಬಣ್ಣದಲ್ಲಿ ಬಳಿದ! ರಾಜನ ವಾರ್ನಿಷ್ ಮೇಲೆ ಮಜ್ಜಿಗೆ ನಿಲ್ಲುತ್ತದೆಯೇ? ವಾರ್ನಿಷ್ ಕಾಣದ ಜನರಲ್ಲರ ಮುಖದ ಮೇಲೆ ಮಾತ್ರ ಅದು ಹಿಡಿದುಕೊಂಡಿತ್ತು. ಮಳೆಗೆ ಆಕಾಶವೆಲ್ಲ ಕರಗಿ ಇಳಿದು, ಅಡಗಿದ್ದ ರಾಜನ ಕಿರೀಟ ಹೊಳೆಯುತ್ತ ಹೊರಗೆ ಬಂದಿತ್ತು. ನೇರ ಬೋಳುತಲೆಯ ಮೇಲೆ, ಅಳತೆ ತೆಗೆದುಕೊಂಡು ಮಾಡಿಸಿದ ಹಾಗೆ.

ಓಡಿಹೋಗಿ ಅವನನ್ನು ಹಾಸಿಗೆಯಿಂದ ಎಳೆದುಕೊಂಡು ಬಂದೆ. ಬರಿಗಾಲಲ್ಲಿ ಕೆಸರಿನಲ್ಲಿ ನಿಂತು ಮೇಲೆ ನೋಡಿದ. ಮೊದಲು ಅವನ ತುಟಿ ನಗಲು ಹೋಯಿತು. ಆಮೇಲೆ ಮುಖ ಬಿಳುಚಿತು.

"ಆಸಹೆಲ್, ನಿಜ ಹೇಳು. ನೀನೇ ಬರ್ದ್ಯಾ?"

"ಕೆಜಿಯಾ! ನೀನೂ ಹಾಗಂತೀಯಾ?"

ಅವನ ದನಿಯಲ್ಲಿದ್ದ ನೋವು ಕೇಳಿ ನನಗೆ ಇನ್ನೂ ಭಯವಾಯಿತು. ಅವನ ಪಕ್ಕದಲ್ಲೇ ಮಲಗೇಳುವ ನಾನೇ ಹೀಗೆ ಕೇಳಿದರೆ, ಅವನ ಕಿರೀಟದ ಮಾತಿಗೆ ನಕ್ಕವರೆಲ್ಲ ನಾಳೆ ನ್ಯಾಯಾಲಯದಲ್ಲಿ ಏನು ಹೇಳುತ್ತಾರೆ?

ಬೋರ್ಡು ಇಳಿಸಲು ಹೋದೆವು. ಕೊಂಡಿಗಳು ತುಕ್ಕು ಹಿಡಿದು ಬೆಸೆದುಕೊಂಡಿದ್ದವು, ಅಧ್ಯಕ್ಷರ ತಲೆಯ ಮೇಲೆ ಕೊಡಲಿ ಎತ್ತಲು ಧೈರ್ಯ ಬರಲಿಲ್ಲ. ಮತ್ತೆ ಬಣ್ಣ ಬಳಿಯೋಣವೆಂದರೆ ಒದ್ದೆ ಹಲಗೆಗೆ ಅದು ಹಿಡಿಯದು. ಗೋಣಿಚೀಲ ಮುಚ್ಚೋಣವೆಂದೆ.

"ಮುಖಕ್ಕೆ ಚೀಲ ಹಾಕೋದು ಗಲ್ಲಿಗೇರ್ಸೋರಿಗೆ ಕಣೇ," ಎಂದ ಆಸಹೆಲ್. "ಅಧ್ಯಕ್ಷ್ರಿಗೆ ಹಾಕಿದ್ರೆ ನನ್ನನ್ನ ಬಿಡ್ತಾರಾ?"

ಅಷ್ಟರಲ್ಲಿ ಗಿರಣಿಯ ಸೈಲಸ್ ಪ್ರಾಟ್ ಕುದುರೆಯ ಮೇಲೆ ಬಂದ. ಟೋಪಿಗೆ ಸರ್ಕಾರದ ಪಕ್ಷದವರ ಕಪ್ಪು ರಿಬ್ಬನ್ ಸಿಕ್ಕಿಸಿಕೊಂಡಿದ್ದ. ಮೇಲೆ ನೋಡಿದ, ಕೆಳಗೆ ನೋಡಿದ.

"ಚಂದಾ ಎತ್ತಿಯೇ ಬಿಟ್ಯಾ ಆಸಹೆಲ್?"

"ಪ್ರಾಟಣ್ಣಾ, ಇದು ಮಳೆ ಮಾಡಿದ್ದು. ದೇವರಾಣೆ," ಎಂದೆ ನಾನು.

"ಮಳೆಗೆ ಬಾಳ ಚೆನ್ನಾಗಿ ಚಿತ್ರ ಬರುತ್ತಲ್ಲಮ್ಮ," ಎಂದು ನಕ್ಕು, ಅಪರಾಧಿಗಳನ್ನು ಹಿಡಿಯುವ ಸರ್ಕಾರಿ ಮಾರ್ಷಲ್ ತಂಗಿದ್ದ ಊರಿನ ಕಡೆಗೇ ಕುದುರೆ ಓಡಿಸಿದ.

ಆಮೇಲೆ ಕಾಯುವುದೊಂದೇ ಉಳಿಯಿತು. ಓಡಿಹೋಗು ಎಂದೆ. ಓಡಿದರೆ ಒಪ್ಪಿಕೊಂಡಂತೆ ಎಂದ. ಕಾಳಿನ ಮಡಕೆ ಒಲೆಯ ಮೇಲೆ ಹೊತ್ತಿತು, ಇಬ್ಬರೂ ಇಳಿಸಲಿಲ್ಲ. ರಸ್ತೆಯಲ್ಲಿ ಯಾವ ಗೊರಸಿನ ಸದ್ದಾದರೂ ನಾನು ಬಾಗಿಲಿಗೆ ಓಡುತ್ತಿದ್ದೆ. ಹಿಂದಿನ ವಾರವಷ್ಟೇ ಲೆಮ್ಯುಯೆಲ್‌ಗೆ ರೊಟ್ಟಿ ಕೊಡಲು ಜೈಲಿಗೆ ಹೋಗಿದ್ದೆ. ಕಂಬಿಯ ಹಿಂದೆ ಕೂತು ರಕ್ತ ಕೆಮ್ಮುತ್ತಿದ್ದ. ಆಸಹೆಲ್‌ನ ಎದೆಯೂ ಗಟ್ಟಿಯಲ್ಲ, ಯುದ್ಧದ ಚಳಿಗಾಲದಲ್ಲಿ ಹಿಮದ ಮೇಲೆ ಮಲಗಿ ಹಾಳಾದದ್ದು. ಅಲ್ಲಿ ಅವನು ಒಂದು ಚಳಿಗಾಲ ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು.

ಮಧ್ಯಾಹ್ನಕ್ಕೆ ಮಾರ್ಷಲ್ ಬಂದ. ಹಿಂದೆ ಇಬ್ಬರು ಸವಾರರು, ಅವರ ಹಿಂದೆ ಪ್ರಾಟ್, ಅವನ ಹಿಂದೆ ಅರ್ಧ ಊರು. ಅಧ್ಯಕ್ಷರನ್ನು ನೋಡಲು ಹೊರಟಿದ್ದವರಿಗೆ ಇನ್ನೂ ಒಳ್ಳೆಯ ತಮಾಷೆ ಸಿಕ್ಕಿತ್ತು. ಇದು ಹಳೇ ಕಿರೀಟ, ಮಳೆಗೆ ಹೊರಬಂದದ್ದು ಎಂದ ಆಸಹೆಲ್. ಮಾರ್ಷಲ್ ಅದನ್ನು ಬಹಳ ಹೊತ್ತು ನೋಡಿದ. ಒದ್ದೆ ವಾರ್ನಿಷ್ ನಿನ್ನೆ ಬಳಿದ ಹಾಗೆ ಮಿರಿಮಿರಿ ಮಿಂಚುತ್ತಿತ್ತು.

"ಹಳೇದು ಅಂತೀಯಾ? ನೋಡಿದ್ರೆ ಹೊಸಾದಿದ್ದ ಹಾಗಿದೆ."

"ಅಡಿಯಲ್ಲಿ ಪೂರ್ತಿ ರಾಜ ಇದ್ದಾನೆ ಸ್ವಾಮಿ," ಎಂದ ಆಸಹೆಲ್. "ಕಿರೀಟ ಅವನದು."

"ತೋರ್ಸು."

"ತೋರ್ಸಬೇಕಾದ್ರೆ ಮೇಲಿರೋ ಮುಖ ಕೆರೀಬೇಕಲ್ಲ ಸ್ವಾಮಿ."

ಅತ್ತ ದರಿ, ಇತ್ತ ಪುಲಿ. ಕೆರೆಯದಿದ್ದರೆ ಅಧ್ಯಕ್ಷರಿಗೆ ಕಿರೀಟ ಇಟ್ಟವನು. ಕೆರೆದರೆ ಹಾಡಹಗಲೇ ಅವರ ಮುಖ ಕೆರೆದವನು.

ನಾನು ಮುಂದೆ ಹೋದೆ. "ಹಾಗಾದ್ರೆ ಕೆರಿ ಅಂತ ತಾವೇ ಎಲ್ಲರ ಮುಂದೆ ಅಪ್ಪಣೆ ಕೊಡಿ, ಸಾಹೇಬ್ರೆ."

ಮಾರ್ಷಲ್ ಕೈಗವಸು ಎಳೆದುಕೊಂಡ. "ನಾನು ಯಾವ ಅಪ್ಪಣೇನೂ ಕೊಟ್ಟಿಲ್ಲಮ್ಮ. ತೋರ್ಸು ಅಂದೆ, ಅಷ್ಟೇ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ನನಗೆ ರೇಗಿತು. "ಹಂಗಾದ್ರೆ ನಾನೇ ಕೆರೀತೀನಿ. ನನ್ನನ್ನೇ ಹಿಡ್ಕೊಂಡು ಹೋಗಿ!" ಎಂದು ಅಡುಗೆಮನೆಯಿಂದ ಚಾಕು ತಂದೆ.

"ಗಂಡನ ಕಣ್ಣೆದುರಿಗೆ ಹೆಂಡತಿ ಮಾಡಿದ್ದು ಗಂಡ ಮಾಡ್ಸಿದ್ದೇ. ಕಾನೂನು ಹಾಗಿದೆ," ಎಂದ ಮಾರ್ಷಲ್. ಜೈಲಿಗೆ ಹೋಗುವ ಹಕ್ಕೂ ನನಗಿರಲಿಲ್ಲ.

ಆಸಹೆಲ್ ನನ್ನ ಕೈಯಿಂದ ಚಾಕು ತೆಗೆದುಕೊಂಡು ಏಣಿ ಹತ್ತಿದ. ನಾನು ಕೆಳಗೆ ಏಣಿ ಹಿಡಿದುಕೊಂಡೆ. ಚಾಕುವನ್ನು ಮುಖದ ಹತ್ತಿರ ಒಯ್ದು ನಿಂತ. ಅವನು ಏನೋ ಅನ್ನುತ್ತಿದ್ದ. ಕಿವಿಗೊಟ್ಟೆ. "ತಪ್ಪಾಯ್ತು ಅಧ್ಯಕ್ಷರೇ, ತಪ್ಪಾಯ್ತು, ತಪ್ಪಾಯ್ತು." ಇಡೀ ಊರನ್ನು ನಗಿಸುತ್ತಿದ್ದ ನನ್ನ ಗಂಡ, ತಾನೇ ಬಳಿದ ಮಜ್ಜಿಗೆಗೆ ಕ್ಷಮೆ ಕೇಳುತ್ತಿದ್ದ.

ಬೋಳುತಲೆ ಹಕ್ಕಳೆ ಹಕ್ಕಳೆಯಾಗಿ ನನ್ನ ತಲೆಯ ಮೇಲೆ ಉದುರಿತು. ಅದರ ಅಡಿಯಿಂದ ಜನರಲ್ ಸಾಹೇಬರ ಮುಖ ಬಂತು. ಕೂಡಲೇ ಗಂಡಸರೆಲ್ಲ ಟೋಪಿ ತೆಗೆದರು. ಮಾರ್ಷಲ್ಲೂ ತೆಗೆದ.

"ರಾಜ ಎಲ್ಲಿ?" ಎಂದ, ಟೋಪಿ ಎದೆಗೆ ಹಿಡಿದುಕೊಂಡೇ.

ಆಸಹೆಲ್ ತಿರುಗಿ ನೋಡಿದ. "ಇವರ ಕೈಕೆಳಗೆ ನಾನು ಯುದ್ಧ ಮಾಡಿದೀನಿ ಸ್ವಾಮಿ. ಇವರ ಮೇಲೆ ಚಾಕು ಹೇಗೆ ಹಾಕ್ಲಿ?"

ದೂರದಲ್ಲಿ, ಸೇತುವೆಯ ಆಚೆ, ಗಾಡಿ ಬರುತ್ತಿದೆಯೆಂದು ಗುಂಡು ಹಾರಿಸಿದ ಸದ್ದಾಯಿತು.

"ಕೆರಿ ಆಸಹೆಲ್," ಎಂದೆ. "ನಿಂಗೆ ಕೈ ಮುಗೀತೀನಿ, ಕೆರಿ."

ಅವನು ಅಳುತ್ತ ಕೆರೆದ. ಜನರಲ್ಲರ ಹಣೆ ಹೋಯಿತು, ಒಂದು ಕಣ್ಣು ಹೋಯಿತು. ಅಡಿಯಿಂದ ರಾಜನ ಬಿಳಿಯ ಕೃತಕ ಕೂದಲಿನ ಟೋಪನ್ ಬಂತು, ಅದರ ಮೇಲೆ ಕಿರೀಟದ ಕೆಳ ಅಂಚು ಸರಿಯಾಗಿ ಕೂತಿತ್ತು. ಗುಂಪಿನಲ್ಲಿದ್ದ ಮುದುಕಿಯೊಬ್ಬಳು, "ಅಯ್ಯೋ, ಹೌದು! ಅವನೇ ಆ ದಪ್ಪಕಣ್ಣಿನೋನು!" ಎಂದು ಕೂಗಿದಳು. ಯಾರೋ ಕಿಸಕ್ಕೆಂದರು.

"ಸರಿ, ಇಳಿ," ಎಂದ ಮಾರ್ಷಲ್. ಅವನಿಗೂ ಎದೆಯ ಭಾರ ಇಳಿದಂತಿತ್ತು. ಸವಾರರು ಕೊಡಲಿಯಿಂದ ಕೊಂಡಿ ಕಡಿದು, ಬೋರ್ಡನ್ನು ಕೊಟ್ಟಿಗೆಯಲ್ಲಿ ಬೋರಲು ಹಾಕಿದರು. "ಗಾಡಿ ಬಂದಾಗ ಎಲ್ಲರಿಗಿಂತ ಜೋರಾಗಿ ಜೈಕಾರ ಹಾಕ್ಬೇಕು. ನಾನು ಕೇಳಿಸ್ಕೊಳ್ತಿರ್ತೀನಿ."

ಗಾಡಿ ಬಂತು. ಎಲ್ಲರೂ ಕೂಗಿದರು, ಪ್ರಾಟ್ ಟೋಪಿ ಹಾರಿಸಿದ. ಆಸಹೆಲ್ ಬಾಯಿ ತೆರೆದ. ದನಿ ಬರಲಿಲ್ಲ. ಮಾರ್ಷಲ್ ಇತ್ತ ತಿರುಗುತ್ತಿದ್ದಾನೆಂದು ಕಂಡು ಅವನ ಪರವಾಗಿ ನಾನೇ ಗಂಟಲು ಹರಿಯುವಂತೆ ಕೂಗಿದೆ. ಗಾಡಿಯ ಪರದೆ ಮುಚ್ಚಿತ್ತು. ಒಳಗಿದ್ದವರು ನಿದ್ದೆಯಲ್ಲಿದ್ದರೋ ಏನೋ. ನಮ್ಮ ಬಾಗಿಲ ಕಡೆ ಯಾರೂ ನೋಡಲೇ ಇಲ್ಲ. ಕೆಸರು ಹಾರಿಸಿ ಗಾಡಿ ಹೋಯಿತು.

ಮುಂದಿನ ಚುನಾವಣೆಯಲ್ಲಿ ಆ ಅಧ್ಯಕ್ಷರು ಸೋತರು. ಕಾನೂನಿನ ಅವಧಿಯೂ ತೀರಿತು. ಲೆಮ್ಯುಯೆಲ್ ಕೆಮ್ಮುತ್ತಲೇ ಮನೆಗೆ ಬಂದ. ಈಗ ಒಲೆಯ ಪಕ್ಕದಲ್ಲಿ ಕೂತು ಹಳೆಯವರನ್ನೂ ಹೊಸಬರನ್ನೂ ಒಟ್ಟಿಗೇ ಬಯ್ಯುತ್ತಾನೆ. ಕಪ್ಪು ರಿಬ್ಬನ್ ಬಿಚ್ಚಿಟ್ಟ ಪ್ರಾಟ್ ಕೂಡ ನಗುತ್ತಾನೆ. ನಮ್ಮ ಹೊಸ ಬೋರ್ಡಿನಲ್ಲಿ ಒಂದು ಹಸು ಇದೆ.

"ಏನೋ ಆಸಹೆಲ್, ಹೊಸ ಅಧ್ಯಕ್ಷ ಹೇಗೆ? ಒಂದು ಮಾತು ಬಿಡೋ!" ಎಂದು ಲೆಮ್ಯುಯೆಲ್ ಕೆಣಕುತ್ತಾನೆ. ಆಸಹೆಲ್ ಮಗ್ಗಿಗೆ ಸಲಾಕೆ ಅದ್ದುತ್ತಾನೆ, ಅದು ಸುಯ್ ಎನ್ನುತ್ತದೆ. ಅಷ್ಟೇ. ಮಳೆ ಬರುತ್ತದೆಯೇ ಎಂದು ಕೇಳಿದರೂ, ಕೇಳಿದವರು ಯಾರೆಂದು ನೋಡಿ ಉತ್ತರ ಕೊಡುತ್ತಾನೆ.

ಎಷ್ಟೋ ವರ್ಷ ಬಾಯಿ ಮುಚ್ಚೋ ಎಂದು ಅವನನ್ನು ಬೈದವಳು ನಾನು. ಈಗ ಆ ಬಾಯಿಗಾಗಿ ಹಂಬಲಿಸುತ್ತೇನೆ. ಮೊನ್ನೆ ಸಂಜೆ ಊಟಕ್ಕೆ ಕೂತಾಗ, ಅವನನ್ನು ಕೆಣಕಲೆಂದೇ ಜೋರಾಗಿ ಹೇಳಿದೆ: "ಈ ಹೊಸ ಅಧ್ಯಕ್ಷನೂ ಒಬ್ಬ ದಂಡಪಿಂಡ ಕಣೋ! ಇವನಿಗೂ ಒಂದು ಕಿರೀಟ ಕಮ್ಮಿ, ಚಂದಾ ಎತ್ತೋಣ್ವಾ?"

ಅವನ ತುಟಿಯ ಅಂಚು ಕೊಂಚ ಅಲುಗಿತು. ನಕ್ಕೇಬಿಟ್ಟ ಎಂದುಕೊಂಡೆ.

ಅವನು ಚಮಚ ಕೆಳಗಿಟ್ಟು, ಎದ್ದು ಹೋಗಿ ಕಿಟಕಿ ಮುಚ್ಚಿದ.