ಅಂಗಿಯೊಳಗಿನ ಪಟ್ಟಿ

ನಾನು ಸೊಂಟದ ಪಟ್ಟಿ. ಬೆನ್ನು ನೋವಿನವರಿಗೆ ಡಾಕ್ಟರು ಬರೆದುಕೊಡುತ್ತಾರಲ್ಲ, ಆ ಅಗಲವಾದ ಬೂದು ಬಣ್ಣದ್ದು. ನನ್ನ ಸ್ವಭಾವ ಅಷ್ಟು ಒಳ್ಳೆಯದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹುಟ್ಟಿದ ದಿನದಿಂದ ನನಗೆ ಹೊಟ್ಟೆಕಿಚ್ಚು.

ಹುಟ್ಟಿದ್ದು ಒಂದು ತಗಡಿನ ಶೆಡ್ಡಿನಲ್ಲಿ. ಹೊಲಿಗೆ ಯಂತ್ರದ ಮುಂದೆ ಕೂತ ಹೆಂಗಸೊಬ್ಬಳು ಎಲಾಸ್ಟಿಕ್ ಬಟ್ಟೆಯ ಬೆನ್ನಿಗೆ ನಾಲ್ಕು ಉಕ್ಕಿನ ಕಡ್ಡಿಗಳನ್ನು ಸೇರಿಸಿ, ತುದಿಗೆ ಪರ್ರೆಂದು ಬಿಚ್ಚುವ ಅಂಟುಪಟ್ಟಿ ಹೊಲಿದು ನನ್ನನ್ನು ರಾಶಿಗೆ ಎಸೆದಳು. ಪಕ್ಕದ ಮೇಜಿನಲ್ಲಿ ಶಾಲೆಯ ಬ್ಯಾಗುಗಳಿಗೆ ಚಿಟ್ಟೆಯ ಚಿತ್ರ ಅಂಟಿಸುತ್ತಿದ್ದರು. ನನಗೆ ಒಂದು ಗೆರೆಯೂ ಇರಲಿಲ್ಲ. ಅಲ್ಲಿಂದಲೇ ಶುರುವಾಯಿತು ನನ್ನ ಉರಿ.

ಆಮೇಲೆ ಒಂದು ಮಿಲಿಟರಿ ಆಸ್ಪತ್ರೆಯ ಕಪಾಟು. ಅಲ್ಲಿಂದ ಹವಾಲ್ದಾರ್ ಫಕೀರಪ್ಪ ತಳವಾರನ ಸೊಂಟ. ಗದಗದ ಕಡೆಯ ಹಳ್ಳಿಯವನು, ಎತ್ತರದ ಆಳು, ಮೀಸೆಯ ತುದಿ ಎಂದೂ ಕೆಳಗಿಳಿದದ್ದಿಲ್ಲ. ಗಡಿಯ ಹಿಮದ ಗುಡ್ಡದಲ್ಲಿ ತೋಪಿನ ಅಡಿಗಿಡುವ ಭಾರದ ಉಕ್ಕಿನ ತಟ್ಟೆ ಹೊತ್ತು ಇಳಿಯುವಾಗ ಜಾರಿ ಬಿದ್ದನಂತೆ. ಬೆನ್ನುಮೂಳೆಯ ನಡುವಿನ ಮೆತ್ತೆ ಸರಿದು ನರವನ್ನು ಒತ್ತತೊಡಗಿತು. ಆದರೂ ಕೆಲಸಗಳ್ಳ ಅಂದಾರೆಂದು ಎರಡು ವರ್ಷ ಯಾರಿಗೂ ಹೇಳದೆ ಹಲ್ಲು ಕಚ್ಚಿದ. ಈ ಕಥೆಯನ್ನು ಅವನು ಹೆಂಡತಿ ಕಾಶವ್ವನಿಗೆ ಹೇಳಿದ್ದು ಒಂದೇ ಸಲ, ಅವಳು ನನ್ನನ್ನು ಬಿಗಿಯುತ್ತಿದ್ದಾಗ. ಹಾಗಾಗಿ ನನಗೂ ಗೊತ್ತು.

ನಿವೃತ್ತನಾಗಿ ಊರಿಗೆ ಬಂದ ಮೇಲೆ ಅವನು ನನ್ನನ್ನು ಬಿಟ್ಟು ಇದ್ದದ್ದಿಲ್ಲ. ಆದರೆ ಎಲ್ಲಿ? ಬನಿಯನ್ನಿನ ಮೇಲೆ, ಅಂಗಿಯ ಒಳಗೆ. ಯಾರೂ ನೋಡಬಾರದು! ಗೋಡೆಯ ಮೊಳೆಗೆ ಇನ್ನೊಬ್ಬನು ನೇತಾಡುತ್ತಿದ್ದನಲ್ಲ, ಪರೇಡಿನ ಬೆಲ್ಟು, ಹಿತ್ತಾಳೆ ಬಿಲ್ಲೆಯವನು, ಅವನಿಗೆ ಮಾತ್ರ ಪ್ರತಿ ಭಾನುವಾರ ಪಾಲಿಶ್. ಫಕೀರಪ್ಪ ಕಟ್ಟೆಯ ಮೇಲೆ ಕೂತು, ಮೆತ್ತನೆ ಬಟ್ಟೆಯಿಂದ ಆ ಬಿಲ್ಲೆಯನ್ನು ಮುಖ ಕಾಣುವ ತನಕ ಉಜ್ಜುತ್ತಿದ್ದ. ಹಾಗೆ ಬಾಗಿ ಉಜ್ಜುವಾಗ ಅವನ ಬೆನ್ನು ಹಿಡಿದು ನಿಲ್ಲಿಸುತ್ತಿದ್ದವರು ಯಾರು? ನಾನು. ನನ್ನ ಬೆವರು, ಹಿತ್ತಾಳೆಯವನ ಹೊಳಪು. ನೋಡಿ ನೋಡಿ ನನ್ನ ಕಡ್ಡಿಗಳೆಲ್ಲ ಕಾದು ಹೋಗುತ್ತಿದ್ದವು.

ಅಂಗವೈಕಲ್ಯ ಪಿಂಚಣಿಗೆ ಅರ್ಜಿ ಹಾಕು ಎಂದು ಮಾಜಿ ಸೈನಿಕರ ಸಂಘದವರು ಒತ್ತಾಯಿಸಿದರು. ಫಕೀರಪ್ಪನಿಗೆ ಪಿಂಚಣಿಗಿಂತ ಒಂದು ಸಾಲು ಬೇಕಾಗಿತ್ತು. ಈ ನೋವು ಸೇವೆಯಲ್ಲಿ ಬಂದದ್ದು ಎಂದು ಸರಕಾರ ಬರೆದುಕೊಡಬೇಕು, ಅಷ್ಟೇ. ಊರಲ್ಲಿ ಕೆಲವರು ಅವನನ್ನು ಸೋಮಾರಿ ಎಂದು ಆಡಿಕೊಳ್ಳುತ್ತಿದ್ದರು. ಹೊಲಕ್ಕೆ ನೀರು ಹಾಯಿಸುವವಳು, ಕಾಳಿನ ಚೀಲ ಎತ್ತುವವಳು ಕಾಶವ್ವನೇ ಆಗಿದ್ದಳಲ್ಲ.

ಮೆಡಿಕಲ್ ಬೋರ್ಡಿನ ಮುಂದೆ ಹೋಗುವ ದಿನ ಅವನು ಏನು ಮಾಡಿದ ಗೊತ್ತೇ? ನನ್ನನ್ನು ಪರ್ರೆಂದು ಬಿಚ್ಚಿ ಕಾಶವ್ವನ ಕೈಚೀಲಕ್ಕೆ ತುರುಕಿದ. ಹಿತ್ತಾಳೆಯವನನ್ನು ಬಿಗಿದುಕೊಂಡ! ಬೂಟಿಗೆ ಮಿಂಚು, ಮೀಸೆಗೆ ಎಣ್ಣೆ. ನಾನು ಬಾಗಿಲ ಹೊರಗಿನ ಬೆಂಚಿನ ಮೇಲೆ, ಬುತ್ತಿಯ ರೊಟ್ಟಿಯ ಪಕ್ಕ.

ಒಳಗಿನಿಂದ ಕರ್ನಲ್ ಸಾಹೇಬರ ದನಿ ಕೇಳಿಸಿತು. "ಕೈಸೇ ಹೋ, ಹವಾಲ್ದಾರ್?"

ಬೂಟು ಖಟ್ ಎಂದಿತು. "ಏಕ್‌ದಮ್ ಠೀಕ್, ಸಾಬ್!"

ಬಾಗು ಅಂದರೆ ಬಾಗಿದ. ಏಳು ಅಂದರೆ ಎದ್ದ. ಇಪ್ಪತ್ತನಾಲ್ಕು ವರ್ಷ ಮೇಲಧಿಕಾರಿಗೆ ಅವನು ಕೊಟ್ಟದ್ದು ಪೂರಾ ಆರಾಮ ಎಂಬ ಅದೊಂದೇ ಉತ್ತರ. ನಾಲಿಗೆಗೆ ಬೇರೆ ದಾರಿ ಗೊತ್ತಿರಲಿಲ್ಲ. ತೊಂದರೆ ಅತ್ಯಲ್ಪ ಎಂದು ಬರೆದು ಅರ್ಜಿ ತಳ್ಳಿಹಾಕಿದರು.

ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು. ಹಿತ್ತಾಳೆಯವನನ್ನು ಕರೆದುಕೊಂಡು ಹೋದೆಯಲ್ಲ, ಅನುಭವಿಸು ಅಂದುಕೊಂಡೆ.

ಆ ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯಿಂದ ಬಂದವನನ್ನು ನೋಡಿ ಕಾಶವ್ವ ಕೇಳಿದಳು. "ಎಡಗಾಲ ಚಪ್ಪಲಿ ಎಲ್ಲಿ ಬಿಟ್ಟ ಬಂದ್ರಿ?"

ಫಕೀರಪ್ಪ ಕೆಳಗೆ ನೋಡಿದ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅದು ಹನುಮಂತ ದೇವರ ಗುಡಿಯ ಹತ್ತಿರ ಬಿದ್ದಿತ್ತು. ಅಷ್ಟು ದೂರ ಬರಿಗಾಲಲ್ಲಿ, ಕಾದ ಮಣ್ಣಿನ ಮೇಲೆ ನಡೆದು ಬಂದಿದ್ದ. ಕಾಲಿಗೆ ಸುದ್ದಿಯೇ ತಿಳಿದಿರಲಿಲ್ಲ. ಅವನು ಹಾಗೇ ಕಟ್ಟೆಯ ಮೇಲೆ ಕುಸಿದು ಕೂತಾಗ ನಾನು ಆ ನಡುಕವನ್ನು ಮೈಯೆಲ್ಲ ಹಿಡಿದುಕೊಂಡೆ. ಹೆದರಿದ್ದ ನನ್ನ ಹವಾಲ್ದಾರ.

ಮೇಲ್ಮನವಿ ಹೋಯಿತು. ಎರಡನೇ ಬೋರ್ಡಿಗೂ ಕರೆ ಬಂತು. ಮತ್ತೆ ಅದೇ ಕಥೆ: ನಾನು ಚೀಲಕ್ಕೆ, ಹಿತ್ತಾಳೆಯವನು ಸೊಂಟಕ್ಕೆ. ಈ ಸಲ ಡಾಕ್ಟರು ಒಬ್ಬ ಮೇಜರ್ ಹೆಣ್ಣುಮಗಳು, ಮಾತು ಕೇಳಿದರೆ ಹಾಸನದ ಕಡೆಯವರು. "ಹೇಗಿದ್ದೀರಿ?" ಅಂದರು. "ಏಕ್‌ದಮ್..." ಎಂದು ಅವನು ಶುರು ಮಾಡಿದ್ದೇ ತಡ, ಕಾಶವ್ವ ಬಾಗಿಲು ತಳ್ಳಿಕೊಂಡು ಒಳಗೆ ಹೋದಳು.

"ಮೇಡಮ್ಮಾರ, ಇವರಿಗೆ ಹೆಂಗದೀರಿ ಅಂತ ಕೇಳಬ್ಯಾಡ್ರಿ. ಚಟ್ಟದ ಮ್ಯಾಲಿಂದ್ಲೂ ಆರಾಮ ಅದೀನಿ ಅಂತಾರ. ಇದನ್ನ ಕೇಳ್ರಿ!" ಎಂದವಳೇ ನನ್ನನ್ನು ಮೇಜಿನ ಮೇಲೆ ಒಗೆದಳು.

ಅಯ್ಯೋ, ಆ ಬೆಳಕು! ನನ್ನ ಬೆವರಿನ ಕಲೆ, ನೂಲು ಬಿಟ್ಟ ಅಂಚು, ಅವನ ಬೆನ್ನಿನ ಆಕಾರಕ್ಕೇ ಸೊಟ್ಟಗಾದ ಕಡ್ಡಿಗಳು, ಎಲ್ಲವನ್ನೂ ಮೇಜರ್ ಬೆರಳಾಡಿಸಿ ನೋಡಿದರು. ಹಿತ್ತಾಳೆಯವನ ಕಡೆ ಕಣ್ಣೆತ್ತಲಿಲ್ಲ.

"ಬೂಟು ಬಿಚ್ಚಿ ಹವಾಲ್ದಾರ್. ಹಿಮ್ಮಡಿ ಮೇಲೆ ನಡೀರಿ."

ಎಡಪಾದ ಮೇಲೇಳಲೇ ಇಲ್ಲ. ಫಕೀರಪ್ಪ ತಲೆ ತಗ್ಗಿಸಿದ.

"ಕಾವಲಿಗೆ ನಿಂತಾಗ ಕಂಡದ್ದನ್ನ ಕಂಡ ಹಾಗೇ ಹೇಳ್ತಿದ್ರಲ್ಲ, ಅದು ಗೋಳಾಟವಾ?"

"ಅಲ್ರಿ ಮೇಡಂ. ರಿಪೋರ್ಟ್."

"ಹಾಗಾದ್ರೆ ಈಗ್ಲೂ ರಿಪೋರ್ಟ್ ಮಾಡಿ. ಸೊಂಟದಿಂದ ಶುರು ಮಾಡಿ."

ಅವನು ಬರಿಗಾಲಲ್ಲೇ ಸೆಟೆದು ಸಾವಧಾನ್ ನಿಂತ. "ಎಡ ಸೊಂಟದಾಗ ಶುರುರಿ. ತೊಡೀ ಹಿಂದಿನಿಂದ ಹೆಬ್ಬೆಟ್ಟಿನ ತನಕ ಉರಿ. ಪಾದ ಐತೋ ಇಲ್ಲೋ ತಿಳಿಯಂಗಿಲ್ರಿ. ಒಂಬತ್ತು ವರ್ಷ ಆತು." ಮಾತು ಮುಗಿದಾಗ ಮೀಸೆ ಒದ್ದೆಯಾಗಿತ್ತು.

ನಾಲ್ಕು ತಿಂಗಳಿಗೆ ಕಾಗದ ಬಂತು. ಸೇವೆಯಲ್ಲಿ ಬಂದ ನೋವು ಎಂಬ ಸಾಲು ಅದರಲ್ಲಿತ್ತು. ಫಕೀರಪ್ಪ ಅದನ್ನು ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಮೂರು ಸಲ ಓದಿದ.

ಗೆದ್ದೆ ಎಂದು ನಾನು ಬೀಗಿದೆ. ಅದೇ ವಾರ ಆಸ್ಪತ್ರೆಯಿಂದ ಹೊಸ ಪಟ್ಟಿ ಬಂತು! ಕಪ್ಪು ಬಣ್ಣ, ಎರಡೆರಡು ಬಿಗಿಪಟ್ಟಿ. ನಾನು ಟ್ರಂಕಿನ ತಳಕ್ಕೆ ಬಿದ್ದೆ. ಹೊರಗೆ ಪರ್ರೆಂಬ ಹೊಸ ದನಿ ಕೇಳಿದಾಗಲೆಲ್ಲ ಕತ್ತಲಲ್ಲಿ ಕುದಿಯುತ್ತಿದ್ದೆ. ಅವನ ಬೆನ್ನಿನ ತಗ್ಗು ದಿನ್ನೆ ಆ ಹೊಸ ಪಟ್ಟಿಗೇನು ಗೊತ್ತು?

ಒಂದು ಭಾನುವಾರ ಬೆಳಿಗ್ಗೆ ಟ್ರಂಕು ತೆರೆಯಿತು. ಕೈ ಕಾಶವ್ವನದು. ಅವಳು ಸುತ್ತಮುತ್ತ ನೋಡಿ, ಸೀರೆಯ ಒಳಗೆ ನನ್ನನ್ನು ಸುತ್ತಿಕೊಂಡು, ಉಸಿರು ಬಿಗಿಹಿಡಿದು ಅಂಟಿಸಿದಳು. ಆಗ ಅವಳ ಬೆನ್ನು ನನಗೆ ತಿಳಿಯಿತು. ನೀರಿನ ಕೊಡ, ಕಾಳಿನ ಚೀಲ, ಅವನು ಎತ್ತಲಾಗದ ಎಲ್ಲವೂ ಅಲ್ಲಿದ್ದವು. ಆ ಬೆನ್ನನ್ನು ಯಾವ ಬೋರ್ಡೂ ಕರೆದಿರಲಿಲ್ಲ. ಅಷ್ಟು ವರ್ಷ ಪಕ್ಕದಲ್ಲೇ ಇದ್ದ ನಾನೂ ಕೇಳಿರಲಿಲ್ಲ, ಹಿತ್ತಾಳೆಯನ್ನು ನೋಡಿ ಉರಿಯುವುದರಲ್ಲೇ ಮುಳುಗಿದ್ದೆ.

ಸಡಿಲವಾಯಿತೆಂದು ಅವಳು ಮತ್ತೆ ಬಿಚ್ಚಿದ ಪರ್ರೆಂಬ ಸದ್ದಿಗೆ ಫಕೀರಪ್ಪ ಬಾಗಿಲಿಗೆ ಬಂದ. ಪಾಲಿಶ್ ಬಟ್ಟೆ ಕೈಯಲ್ಲೇ ಇತ್ತು.

"ಏನಾಗೇತಿ ನಿನಗ?"

"ಏನೂ ಇಲ್ರಿ. ಆರಾಮ ಅದೀನಿ."

ಅವನು ಪಾಲಿಶ್ ಬಟ್ಟೆಯನ್ನು ಕೆಳಗಿಟ್ಟ. ಆಮೇಲೆ ಮೆಲ್ಲಗೆ ಅಂದ. "ಕುಂದರು. ರಿಪೋರ್ಟ್ ಮಾಡು. ಸೊಂಟದಿಂದ ಶುರು ಮಾಡು."

ಆ ಭಾನುವಾರ ಹಿತ್ತಾಳೆಗೆ ಪಾಲಿಶ್ ಆಗಲಿಲ್ಲ. ಫಕೀರಪ್ಪ ಕಟ್ಟೆಯ ಮೇಲೆ ಕೂತು, ಸೂಜಿಗೆ ದಾರ ಪೋಣಿಸಿ, ಅವಳು ಹೇಳುವುದನ್ನು ಕೇಳುತ್ತಾ ನನ್ನ ಬಿಟ್ಟ ಅಂಚನ್ನು ಹೊಲಿದ.