ದಪ್ಪ ತಂತಿಯ ದನಿ

ತಂತಿ ನಡುಗುತ್ತಿದೆ, ದನಿ ಇಲ್ಲ — ಗಿಟಾರಿನ ಎಲ್ಲಕ್ಕಿಂತ ಮೇಲಿನ ದಪ್ಪ ತಂತಿ, ಹೆಬ್ಬೆರಳಿನಿಂದ ಮೀಟಿದರೆ ಒಂದು ಎರಡಾಗಿ ಕಾಣುವಷ್ಟು ನಡುಗುತ್ತದೆ, ಸುರೇಖಾಳ ಕಿವಿಗೆ ಬರುವುದು ಮಾತ್ರ ಉಗುರು ತಾಗಿದ ಟಕ್ ಅನ್ನುವ ಸಪ್ಪಳ, ನಿನ್ನೆಯೂ ಹೀಗೇ, ಮೊನ್ನೆ ಸ್ವಲ್ಪ ಗುಂಯ್ ಅಂದಿತ್ತೇ, ಅಂದಿರಲಿಕ್ಕಿಲ್ಲ, ಅದು ಹಳೆಯ ದನಿಯ ನೆನಪಿರಬೇಕು. ತೆಳ್ಳನೆಯ ತಂತಿಗಳು ಕೇಳುತ್ತವೆ, ಇದೊಂದೇ ಮೂಗ. ದಿನಾ ಹತ್ತ ನಿಮಿಷ ಸಾಕ ಅಕ್ಕಾರ, ಆದ್ರ ಒಂದ ದಿನಾನೂ ಬಿಡಬ್ಯಾಡ್ರಿ, ಇಳಕಲ್ಲಿನಲ್ಲಿ ಗಿಟಾರ್ ಕಲಿಸುವ ಮುಬಶೀರಾ ಮೊದಲ ದಿನವೇ ಹೇಳಿದ್ದಳು, ನಿಮ್ಮ ವಯಸ್ಸಿಗೆ ತಾಸಗಟ್ಟಲೆ ಬಾರಿಸಿದ್ರ ಬೆರಳ ಸಿಟ್ಟಿಗೇಳ್ತಾವು, ಮೂರನೇ ದಿನಾ ಗಿಟಾರ್ ಅಟ್ಟಾ ಏರ್ತೈತಿ. ಅರವತ್ತು ದಾಟಿದ ಬೆರಳು, ಇಪ್ಪತ್ತೇಳು ವರ್ಷ ಹುನಗುಂದ–ಬಾದಾಮಿ ಬಸ್ಸಿನಲ್ಲಿ ಟಿಕೀಟು ಹರಿದ ಬೆರಳು, ಈಗ ತುದಿಯಲ್ಲಿ ಜೋಳದ ಕಾಳಿನಂಥ ಗಟ್ಟಿ ಚರ್ಮ, ನಾಲ್ಕು ತಿಂಗಳ ಗಳಿಕೆ, ಮುಟ್ಟಿ ನೋಡಿದರೆ ಬೇರೆ ಯಾರದೋ ಬೆರಳು. ಗುಳೇದಗುಡ್ಡದಲ್ಲಿ ಹತ್ತುತ್ತಿದ್ದ ಆ ಕಾಲೇಜು ಹುಡುಗಿ, ತೊಡೆಯ ಮೇಲೆ ಕರಿ ಚೀಲದ ಗಿಟಾರು, ಬಸ್ಸು ತಗ್ಗಿಗೆ ಬಿದ್ದಾಗೆಲ್ಲ ಚೀಲದೊಳಗಿಂದ ಜುಂಯ್ — ಯಾರೂ ಮುಟ್ಟದೆ ಹೆಂಗ ದನಿ ಬರ್ತೈತಿ ಇದಕ, ಎಂದು ಸುರೇಖಾ ಕೇಳಿಯೇ ಬಿಡಬೇಕೆಂದಿದ್ದಳು, ಅಷ್ಟರಲ್ಲಿ ಅಮೀನಗಡ, ಇಳಿಯುವವರು, ಹತ್ತುವವರು, ರೈಟ್ ರೈಟ್, ಆ ಪ್ರಶ್ನೆ ಅಲ್ಲೇ ಉಳಿಯಿತು, ನಿವೃತ್ತಿಯಾದ ತಿಂಗಳೇ ಬಾಗಲಕೋಟೆಗೆ ಹೋಗಿ ಗಿಟಾರು ತಂದಳು. ಬಸ್ಸಿನ ಅಷ್ಟು ಗದ್ದಲದಲ್ಲಿ ಹಿಂದಿನ ಸೀಟಿನವರ ಮಾತೂ ಕೇಳುತ್ತಿತ್ತಲ್ಲ, ಮನೆಯ ನಿಶ್ಶಬ್ದದಲ್ಲೇ ಏನೂ ಕೇಳುತ್ತಿಲ್ಲ, ಇದೆಂಥ ಚೋದ್ಯ.

ತಂತಿ ಕೆಟ್ಟೈತಿ, ಬದಲ ಮಾಡಿಕೊಡು, ಎಂದು ಹೋದ ಭಾನುವಾರ ಅವಳೇ ಮುಬಶೀರಾಳಿಗೆ ಸುಳ್ಳು ಹೇಳಿದ್ದು, ಆ ಹುಡುಗಿ ಮೀಟಿ ನೋಡಿ, ಚೊಲೋ ಐತಲ್ರಿ ಅಕ್ಕಾರ, ಎಂದಾಗ ಗೋಡೆ ನೋಡಿದ್ದು. ತಂತಿಯದಲ್ಲ ತಪ್ಪು, ಗೊತ್ತಿದೆ, ಮೂರು ವಾರದ ಹಿಂದೆ ಒಬ್ಬಳೇ ಬಾಗಲಕೋಟೆಯ ದವಾಖಾನೆಗೆ ಹೋಗಿ ಬಂದಿದ್ದಾಳೆ, ಕಿವಿಯೊಳಗಿನ ಸಣ್ಣ ಎಲುಬು ಬಿಗಿ ಆಗೈತ್ರಿ, ಆಪರೇಶನ್ ಮಾಡಬಹುದು, ಇಲ್ಲಾ ಮಷೀನ್ ಹಾಕ್ಕೋರಿ, ಮನ್ಯಾಗ ಮಾತಾಡಿ ಬರ್ರಿ, ಎಂದಿದ್ದರು ಡಾಕ್ಟರು. ಮನೆಯಲ್ಲಿ ಮಾತಾಡಿಲ್ಲ. ಕಿವುಡಿ ಅನ್ನಿಸಿಕೊಳ್ಳುವುದು ಹೇಗೆ — ಆ ಡಾಕ್ಟರು ಕಬ್ಬಿಣದ ಚಿಮಟದಂಥದ್ದನ್ನು ಬಡಿದು ಕಿವಿಯ ಮುಂದೆ ಹಿಡಿದರು, ಏನೂ ಇಲ್ಲ, ಅದನ್ನೇ ಕಿವಿಯ ಹಿಂದಿನ ಎಲುಬಿಗೆ ಒತ್ತಿದರು, ತಲೆಯೊಳಗೆ ಜೇನು ಎದ್ದ ಹಾಗೆ, ಅರೆ, ದನಿ ಗಾಳಿಯಲ್ಲಿ ಬರದಿದ್ದರೆ ಎಲುಬಿನಲ್ಲಿ ಬರುತ್ತದೆಯೇ, ಹಾಗಾದರೆ ಕಟ್ಟಿಗೆಗೆ ಎಲುಬು ಹಚ್ಚಿದರೆ? ಪಡಸಾಲೆಯಲ್ಲಿ ಯಾರೂ ಇಲ್ಲ. ಸುರೇಖಾ ಬಗ್ಗುತ್ತಾಳೆ, ಗಿಟಾರಿನ ಹೊಟ್ಟೆಯ ಅಂಚಿಗೆ ಗದ್ದ ಊರುತ್ತಾಳೆ, ಕಟ್ಟಿಗೆ ತಣ್ಣಗೆ, ಹೆಬ್ಬೆರಳು ದಪ್ಪ ತಂತಿಯ ಮೇಲೆ, ಮೀಟು — ಗುಂಯ್ಯ್ಯ್, ಹಲ್ಲಿನೊಳಗೆ, ದವಡೆಯೊಳಗೆ, ನೆತ್ತಿಯವರೆಗೆ, ಬಾವಿಯೊಳಗೆ ಯಾರೋ ಕೂಗಿದ ಹಾಗೆ, ಇದ್ದಾನೆ, ಮೂಗ ಮಾತಾಡುತ್ತಾನೆ, ಇನ್ನೊಮ್ಮೆ, ಇನ್ನೊಮ್ಮೆ, ಹತ್ತು ನಿಮಿಷ ಎಂದೋ ಮುಗಿದಿರಬೇಕು.

ಭುಜದ ಮೇಲೆ ಕೈ, ಬೆಚ್ಚಿ ತಲೆ ಎತ್ತಿದರೆ ಗಂಡ ರಾಜಕುಮಾರ, ಕೈಯಲ್ಲಿ ಚಹಾದ ಕಪ್ಪು, ನಾಕ ಸರ್ತಿ ಕರದ್ನಿ, ಓ ಅನ್ನವಲ್ಲಿ, ರಿಟೈರ್ ಆದಾಗಿಂದ ನೋಡಾಕತ್ತೀನಿ, ನನ್ನ ಮ್ಯಾಲ ಏನ ಸಿಟ್ಟ ಐತಿ ಹೇಳಿಬಿಡ. ಸಿಟ್ಟು? ಇಷ್ಟು ದಿನ ಇವರು ಹೀಗೆ ತಿಳಿದು ಒಬ್ಬರೇ ಉಂಡೆದ್ದು ಹೋಗುತ್ತಿದ್ದರೇ, ತಾನು ನಾಚಿಕೆಯನ್ನು ಮುಚ್ಚಿಟ್ಟರೆ ಇವರಿಗೆ ಅದು ಮುನಿಸಾಗಿ ಕಂಡಿತೇ. ಸಿಟ್ಟಲ್ರಿ, ನನ್ನ ಕಿವಿ ಕೇಳವಲ್ಲವ್ರಿ, ಎಂದು ಬಾಯಿ ತಾನೇ ಹೇಳಿಬಿಟ್ಟಿತು, ಚಿಮಟ, ಎಲುಬು, ಆಪರೇಶನ್ನು, ಎಲ್ಲ ಒಂದೇ ಉಸಿರಿನಲ್ಲಿ, ಅವರು ಕಪ್ಪನ್ನು ಕಿಟಕಿಯಲ್ಲಿಟ್ಟರು, ನಾಳಿಗೆ ಇಬ್ಬರೂ ಬಾಗಲಕೋಟಿಗೆ ಹೋಗೂಣು, ಎಂದರು, ಹತ್ತಿರ ಬಂದು, ಬಿಡಿಸಿ ಬಿಡಿಸಿ, ಅವಳಿಗೆ ಕೇಳುವಷ್ಟು ಗಟ್ಟಿಯಾಗಿ. ಆಮೇಲೆ, ಆ ಗದ್ದ ಇಟ್ಟ ಏನ ಮಾಡಾಕತ್ತಿದ್ದಿ? ನೀವೂ ಇಡ್ರಿ, ಗೊತ್ತಾಗ್ತೈತಿ. ನನ್ನ ಕಿವಿ ನೆಟ್ಟಗದಾವಲ್ಲ, ಎನ್ನುತ್ತಲೇ ಮಂಡಿ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತರು, ಗಿಟಾರಿನ ಅಂಚಿಗೆ ಗದ್ದ ಇಟ್ಟರು, ಕಣ್ಣು ಮುಚ್ಚಿದರು, ಸುರೇಖಾ ಮೀಟಿದಳು, ಅವರ ಬಿಳಿ ಮೀಸೆ ಸಣ್ಣಗೆ ನಡುಗಿತು, ಇವರಿಗೂ ಹಲ್ಲಿನೊಳಗೇ ಕೇಳುತ್ತಿದೆಯೇ, ಅದೇ ದನಿಯೇ, ಕೇಳಬೇಕು, ಈಗ ಬೇಡ, ಮತ್ತೆ ಮೀಟಿದಳು, ಮತ್ತೆ ಮೀಸೆ ನಡುಗಿತು, ಮತ್ತೆ — ಮೀಸೆ —